ಗ್ಲೌಸ್ ಹಾಕದ ಕೈ

ಮಹಾಲಕ್ಷ್ಮಿ ಲೇಔಟ್
ಭಾನುವಾರ, 9 ನವೆಂಬರ್ 2025

ಪ್ರೀತಿಯ ರಾಗಿಣಿ,

ನಿನ್ನ ತವರಿರುವ ಗೋವಿಂದರಾಜನಗರಕ್ಕೆ ಆಟೋದಲ್ಲಿ ಇಪ್ಪತ್ತು ನಿಮಿಷ. ಆದರೂ ಕಾಗದ ಬರೆಯುತ್ತಿದ್ದೇನೆ, ಎದುರು ನಿಂತು ಹೇಳುವ ಮುಖ ನನಗಿಲ್ಲ. ಫೋನಿನಲ್ಲಾದರೆ ನೀನು ಮಧ್ಯೆ ಏನಾದರೂ ಕೇಳುತ್ತೀಯ, ನಾನು ಮತ್ತೆ ಸುಳ್ಳು ಹೇಳುತ್ತೇನೆ.

ನನ್ನ ತಂಗಿ ಮೇಧಾಳ ಸೀಮಂತದ ದಿನ ಅಮ್ಮ ನಿನಗೆ, ನೀನು ಬಳೆ ತೊಡಿಸಬೇಡ, ಮಕ್ಕಳಾದವರು ತೊಡಿಸಲಿ ಎಂದಳಲ್ಲ, ಆಗ ನಾನು ಪಾಯಸದ ಸೌಟು ಹಿಡಿದು ಪಕ್ಕದಲ್ಲೇ ಇದ್ದೆ. ಕೇಳಿಸಲಿಲ್ಲ ಎಂದು ಆಮೇಲೆ ನಿನಗೆ ಹೇಳಿದೆ. ಕೇಳಿಸಿತ್ತು. ತೊಂದರೆ ನಿನ್ನದಲ್ಲ ರಾಗಿಣಿ, ನನ್ನದು. ನಿನಗೆ ಗೊತ್ತಾಗದಂತೆ ರಾಜಾಜಿನಗರದಲ್ಲಿ ಬೇರೊಬ್ಬ ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿದ್ದೆ. ವೀರ್ಯಾಣುಗಳು ತೀರಾ ಕಡಿಮೆ, ಇರುವವೂ ಸರಿಯಾಗಿ ಚಲಿಸುವುದಿಲ್ಲವಂತೆ.

ಏನು ಕೆಲಸ ಎಂದು ಕೇಳಿದರು. ಮನೆಗಳಿಗೆ ಗೆದ್ದಲು, ಜಿರಳೆ ಮದ್ದು ಹೊಡೆಯುತ್ತೇನೆ, ಹನ್ನೆರಡು ವರ್ಷವಾಯಿತು ಎಂದೆ. ಗ್ಲೌಸ್, ಮಾಸ್ಕ್ ಹಾಕುತ್ತೀರಾ ಎಂದರು. ನಾನು ನಕ್ಕೆ ಕಣೇ. ಮಾಸ್ಕ್ ಕಂಡರೆ ವಿಜಯನಗರದ ಆಂಟಿಯರು ಇದೇನು ಇಷ್ಟು ವಿಷವೇ ಎಂದು ಗಾಬರಿಯಾಗುತ್ತಾರೆ, ಕೆಲಸ ಕೈತಪ್ಪುತ್ತದೆ. ಅದಕ್ಕೇ ಅವರ ಕಣ್ಣೆದುರು ಬಕೆಟ್ಟಿಗೆ ಬರಿಗೈ ಹಾಕಿ ಕಲಸಿ, ನೋಡಿ, ಏನೂ ಆಗಲ್ಲ ಎಂದು ತೋರಿಸುತ್ತಿದ್ದೆ. ಎಂಥ ಜಂಬ ನನ್ನದು! ಡಾಕ್ಟರ್ ನಗಲಿಲ್ಲ. ಇದೇ ಕಾರಣ ಎಂದು ಖಂಡಿತವಾಗಿ ಹೇಳಲಾಗದು, ಆದರೆ ಇಂಥ ಮದ್ದು ವರ್ಷಗಟ್ಟಲೆ ಮೈಗೆ ಹತ್ತಿದರೆ ಹೀಗಾಗುವುದುಂಟು, ಮೊದಲು ಅದರಿಂದ ದೂರವಿರಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ನಾನು ಅತ್ತ ತಲೆ ಹಾಕಲಿಲ್ಲ. ಮದ್ದು ಹೊಡೆಯುವುದು ಬಿಟ್ಟರೆ ಯಾಕೆ ಎಂದು ನೀನು ಕೇಳುತ್ತಿದ್ದೆಯಲ್ಲ.

ಊರೆಲ್ಲ ನಿನ್ನನ್ನು ಆಡಿಕೊಂಡರೂ ಪರವಾಗಿಲ್ಲ, ನನ್ನನ್ನು ಯಾರೂ ಗಂಡಸಲ್ಲ ಎನ್ನಬಾರದು ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ.

ನಿನ್ನೆ ಅಮ್ಮನಿಗೆ ಹೇಳಿದೆ. ನಂಬಲಿಲ್ಲ. ಹೆಂಡತಿಯ ಮಾನ ಉಳಿಸಲು ನಾನೇ ಕಟ್ಟಿದ ಕಥೆ ಎಂದಳು. ನಾನು ಅಷ್ಟು ಒಳ್ಳೆಯ ಗಂಡ ಎಂದುಕೊಂಡಿದ್ದಾಳೆ, ಪಾಪ. ಅದಕ್ಕೇ ರಿಪೋರ್ಟನ್ನೇ ಇದರ ಜೊತೆ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸು. ಮನೆಗೆ ಬಾ ಎಂದು ಕರೆಯುವ ಹಕ್ಕು ನನಗಿಲ್ಲ.

ಇನ್ನೂ ನಿನ್ನವನೇ ಆಗಿದ್ದರೆ, ನಿನ್ನ
ಮುರಳಿ

ಮತ್ತೊಂದು ಮಾತು: ರಿಪೋರ್ಟಿನ ಮೇಲಿನ ತಾರೀಕನ್ನು ನೀನು ಹೇಗೂ ನೋಡುತ್ತೀಯ, ನಾನೇ ಹೇಳಿಬಿಡುತ್ತೇನೆ. ಹೋದ ವರ್ಷ ಮಗು ಯಾಕಾಗುತ್ತಿಲ್ಲ ಎಂದು ನಿನಗೆ ಆಪರೇಷನ್ ಮಾಡಿ ನೋಡಿದರಲ್ಲ, ಅದಕ್ಕೆ ಹತ್ತು ದಿನ ಮುಂಚಿನದು. ನನ್ನದೆಲ್ಲ ನಾರ್ಮಲ್ ಎಂದು ಆ ಆಸ್ಪತ್ರೆಯವರಿಗೆ ಬಾಯಲ್ಲೇ ಹೇಳಿದ್ದೆ. ನಿನ್ನ ಒಪ್ಪಿಗೆ ಪತ್ರದ ಕೆಳಗೆ ನಾನು ಸಹಿ ಹಾಕುವಾಗ ಈ ರಿಪೋರ್ಟ್ ನನ್ನ ಅಂಗಿ ಜೇಬಿನಲ್ಲೇ ಇತ್ತು.