ಬಾಗಿದ ಬೆನ್ನಿನ ಮರಿಗಳು

ಮೀನುಮರಿ ತೊಟ್ಟಿಗಳ ಮನೆ,
ಹನ್ನೆರಡನೆಯ ತಾರೀಕು, ಮಧ್ಯಾಹ್ನ

ಚಿರಂಜೀವಿ ದೊಡ್ಡವನೇ,

ಭಗವಂತನು ನಿನ್ನ ಮನಸ್ಸಿಗೆ ಶಾಂತಿಯನ್ನೂ ಕೈಗೆ ಸೌಮ್ಯತೆಯನ್ನೂ ದಯಪಾಲಿಸಲಿ. ದೇಹಸ್ಥಿತಿ ಹೇಗಿದೆ? ತಮ್ಮನ ಹಲ್ಲು ತಗುಲಿ ಸೀಳಿದ ಬಲಗೈಯ ಗೆಣ್ಣುಗಳ ಗಾಯ ಮಾಯಿತೇ? ಔಷಧ ಹಚ್ಚಿಕೊಳ್ಳುವುದರಲ್ಲಿ ನೀನು ಚಿಕ್ಕಂದಿನಿಂದಲೂ ಮೊಂಡ.

ಅವನು ಬದುಕಿದ್ದಾನೆ. ಮೂರು ಪಕ್ಕೆಲುಬುಗಳೂ ಹೆಗಲ ಮೂಳೆಯೂ ಮುರಿದಿವೆ. ಹಾಲನ್ನು ನಾನೇ ಚಮಚದಲ್ಲಿ ಕುಡಿಸುತ್ತೇನೆ. ಆ ಬೆಳಗ್ಗೆ ಸಾವಿರಾರು ಮೀನುಮರಿಗಳು ಬೆನ್ನು ಕೊಕ್ಕೆಯಂತೆ ಬಾಗಿ, ರೆಕ್ಕೆಗಳ ಬುಡದಲ್ಲಿ ನೆತ್ತರು ಒಸರುತ್ತ ಗಿರಗಿರನೆ ಸುತ್ತುತ್ತಿದ್ದುದನ್ನೂ, ನೆಟ್ಟಗಿದ್ದವು ಸೊಟ್ಟಾದವನ್ನು ಕಿತ್ತು ತಿನ್ನುತ್ತಿದ್ದುದನ್ನೂ ಕಂಡು ನಿನ್ನ ವಿವೇಕವೇ ಹಾರಿಹೋಯಿತು. ಮೇವು ಬೇಯಿಸಿ ವಿಟಮಿನ್ ಪುಡಿ ಬೆರೆಸುವುದು ತಮ್ಮನ ಪಾಲಿನ ಕೆಲಸ. "ಪುಡಿನ ಚರಂಡಿಗೆ ಸುರಿದ್ಯೇನೋ ಸೋಮಾರಿ? ಬಾಯ್ಬಿಡೋ!" ಎನ್ನುತ್ತ ನೀನು ಅವನಿಗೆ ಬಲೆಯ ಕಬ್ಬಿಣದ ಹಿಡಿಯಿಂದ ಬಾರಿಸಿದೆ. ಅವನು ಬಾಯಿ ಬಿಡಲಿಲ್ಲ. ಬಾಯಿಗೇ ಗುದ್ದಿದೆ, ಬಿದ್ದವನನ್ನು ಒದ್ದೆ. ಸಿಮೆಂಟು ನೆಲದಲ್ಲಿ ರಕ್ತವೂ ಮೇವಿನ ಹಿಟ್ಟೂ ಕಲಸಿಹೋದವು. "ಇವನಿರೋ ಮನೇಲಿ ನಾನಿರೊಲ್ಲ" ಎಂದು ಹೊರಟುಹೋದೆ.

ನಿನ್ನೆ ಮೀನಿನ ಡಾಕ್ಟರಮ್ಮ ಬಂದಿದ್ದರು. ಎಳೆಯ ಮರಿಯ ಮೂಳೆ ನೆಟ್ಟಗೆ ಬೆಳೆಯಲು ಸಿ ವಿಟಮಿನ್ ಬೇಕೇ ಬೇಕೆಂದೂ, ಅದು ಈ ಮೀನಿನ ಮೈಯಲ್ಲಿ ತಾನಾಗಿ ಹುಟ್ಟದೆಂದೂ, ಕಾವಿಗೆ ನಿಲ್ಲದೆಂದೂ ತಿಳಿಯಹೇಳಿದರು. ಉಳಿದ ಮೇವನ್ನು ಪರೀಕ್ಷೆ ಮಾಡಿಸಿದ್ದರು. "ಪುಡಿ ಹಾಕಿದಾರೆ ಅಜ್ಜಾ. ಬೇರೆಲ್ಲ ಇದೆ, ಸಿ ಒಂದೇ ಇಲ್ಲ. ತಣ್ಣಗಾದ್ಮೇಲೆ ಬೆರೆಸೋದು ಬಿಟ್ಟು ಕುದಿಯೋ ಹಂಡೆಗೇ ಸುರಿದಿದಾರೆ. ಯಾರಪ್ಪಾ ಆ ಮಹಾನುಭಾವ?" ಎಂದು ನಕ್ಕರು. ನಾನೂ ನಕ್ಕೆ.

ಶುಕ್ರವಾರ ಹೊಸ ಮರಿಗಳು ಬರುತ್ತವೆ. ಅವುಗಳನ್ನು ನೋಡಿಕೊಳ್ಳುವವರಿಲ್ಲ. ಕೋಪವನ್ನು ಅಲ್ಲಿಯೇ ಬಿಟ್ಟು ಮನೆಗೆ ಬಾ.

ಪ್ರತಿ ಪ್ರಾರ್ಥನೆಯಲ್ಲಿಯೂ ನಿಮ್ಮಿಬ್ಬರ ಕ್ಷೇಮವನ್ನೇ ಬೇಡುವ,
ಅಪ್ಪ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಹಂಡೆಗೆ ಸುರಿದವನು ನಾನು. ಬಿಸಿಯಲ್ಲಿ ಗಂಟಿಲ್ಲದೆ ಕರಗೀತೆಂದು ದಿನವೂ ಸುರಿದೆ. "ತಣ್ಣಗಾಗ್ಲಿ ಅಪ್ಪಾ" ಎಂದ ನಿನ್ನ ತಮ್ಮನನ್ನು "ನನಗೇ ಪಾಠ ಹೇಳ್ತೀಯೇನೋ" ಎಂದು ಗದರಿದೆ. ನೀನು ಹೊಡೆಯುವಾಗ ಅವನು ನನ್ನನ್ನೇ ನೋಡುತ್ತಿದ್ದ. ಜಪಮಾಲೆ ಹಿಡಿದು ನಿಂತಿದ್ದ ನಾನು ಮಾತಾಡಲಿಲ್ಲ. ಆ ಕಬ್ಬಿಣದ ಹಿಡಿಯನ್ನು ತೊಳೆದು ಬಾಗಿಲ ಹಿಂದೆ ಇಟ್ಟಿದ್ದೇನೆ. ಬಂದವನೇ ಮೊದಲು ಅದನ್ನು ಹಿಡಿದು ನನ್ನ ಕೋಣೆಗೆ ಬಾ.