ಸಹನಾಳ ಎರಡನೇ ಫೋನು

ನವೆಂಬರ್ 3, ಸೋಮವಾರ. ಸಂಜೆ

ಇವತ್ತೂ ಚಾರ್ಜಿಂಗ್ ಪೋರ್ಟ್‌ಗಳೇ. ಬೆಳಿಗ್ಗೆಯಿಂದ ಸೂಜಿ ಹಿಡಿದು ಊರ ಜನರ ಜೇಬಿನ ಕಸ ತೆಗೆದದ್ದಾಯಿತು. ಬೆನ್ನು ಸತ್ತುಹೋಗಿದೆ.

ಅಮೀರಸಾಬ ಚಾಚಾ ಬಂದಿದ್ದರು. ಮಿಲ್ಲಿನಿಂದ ರಿಟೈರ್ ಆದಮೇಲೆ ಅವರಿಗೆ ಕವ್ವಾಲಿ ಬಿಟ್ಟರೆ ಬೇರೆ ಕೆಲಸವಿಲ್ಲ. ಕವ್ವಾಲಿ ಏರುವ ಹೊತ್ತಿಗೆ ಸರಿಯಾಗಿ ಬನಿಯನ್ ಜಾಹೀರಾತು ಬರುತ್ತದಂತೆ. "ಈ ಫೋನ್ ತಗೊಂಡು ಹೋಗಿ ಕಾಳಿ ನದಿಗೆ ಒಗೀಲೇನವಾ?" ಅಂದರು. ಪುಕ್ಕಟೆ ಆ್ಯಪುಗಳ ಅಂಗಡಿ ಎಫ್-ಡ್ರಾಯ್ಡ್ ಹಾಕಿ, ಅದರಿಂದ ಯೂಟ್ಯೂಬಿನ ಹಾಡು ಕೇಳಿಸುವ ನ್ಯೂಪೈಪ್ ಇಳಿಸಿಕೊಟ್ಟೆ. ಜಾಹೀರಾತು ಇಲ್ಲ, ಲಾಗಿನ್ ಇಲ್ಲ, ಸ್ಕ್ರೀನ್ ಆರಿಸಿದರೂ ಹಾಡು ನಿಲ್ಲದು. ಚಾಚಾ ಅಲ್ಲೇ ನಿಂತು ದುವಾ ಮಾಡಿದರು.

ಆರೀಫನ ವರಾತ ಶುರು: "ಆಪಾ, ಎಲ್ಲಾರಿಗೂ ಫುಕಟ್ ಆ್ಯಪ್ ಹಾಕಿ ಕಳಸ್ತಿ. ಅಂಗಡಿಗೆ ಕೀಲಿ ಹಾಕಸ್ತಿ ನೀ." ತಮ್ಮ ಅಂತ ಸುಮ್ಮನಿದ್ದೇನೆ. ಬೋರ್ಡಿನ ಮೇಲೆ ಅವನ ಹೆಸರು, ರಿಪೇರಿ ಎಲ್ಲ ನನ್ನದು. ಫುಕಟ್ ಅನ್ನುವುದು ದೊಡ್ಡದಲ್ಲ, ಒಳಗೆ ಏನಿದೆ ಅಂತ ಯಾರು ಬೇಕಾದರೂ ತೆರೆದು ನೋಡಬಹುದು, ಕಳ್ಳತನಕ್ಕೆ ಜಾಗವಿಲ್ಲ... ಎಷ್ಟು ಸಲ ಹೇಳಿದರೂ ಅವನ ತಲೆಗೆ ಹತ್ತದು. ಈ ದಿನಚರಿ ಬರೆಯುತ್ತಿರುವುದೂ ಅಂಥದ್ದೇ ನೋಟ್ಸ್ ಆ್ಯಪಿನಲ್ಲಿ. ಯಾರಪ್ಪನಿಗೂ ಓದಲು ಸಿಗದು.

ಮುಚ್ಚುವ ಹೊತ್ತಿಗೆ ಸಹನಾ. ನಮ್ಮ ಓಣಿಯ ತುದಿಮನೆಯವಳು, ರೆಸಾರ್ಟಿನಲ್ಲಿ ರಿಸೆಪ್ಶನ್ ಕೆಲಸ. ಡಿಸ್‌ಪ್ಲೇ ಪುಡಿಪುಡಿ. ಈ ವರ್ಷ ಮೂರನೇ ಸಲ.

"ಬಿತ್ತು, ಅಕ್ಕಾ."

ತುಟಿ ಒಡೆದಿತ್ತು. ಕೆನ್ನೆಯ ಮೇಲೆ ಬೆರಳು ಮೂಡಿದ್ದವು.

"ಫೋನ್ ಬಿತ್ತೋ, ನೀ ಬಿದ್ಯೋ?"

ನಗಲು ಹೋದಳು. ತುಟಿಯಿಂದ ಮತ್ತೆ ರಕ್ತ ಬಂತು.

ಗಾಜಿನ ಬಿರುಕಿನಲ್ಲೂ ರಕ್ತ ಒಣಗಿತ್ತು. ಸ್ಪಿರಿಟ್ ಹಾಕಿ ಒರೆಸಿದೆ. ಎಂದಿನಂತೆ ಹಿಂಬದಿಗೆ ಹಸಿರು ಟೇಪು ಅಂಟಿಸಿ, ಹೆಸರು ಬರೆದು, ಲಾಕ್ ತೆರೆಯುವ ಪ್ಯಾಟರ್ನ್ ಗೀಚಿದೆ. ಟೇಪಿಲ್ಲದ ಫೋನು ನಮ್ಮ ಟೇಬಲ್ ಏರುವುದೇ ಇಲ್ಲ.

ನವೆಂಬರ್ 4, ಮಂಗಳವಾರ

ಡಿಸ್‌ಪ್ಲೇ ಕೂರಿಸಿದೆ. ಏನೂ ತೆರೆಯದಿದ್ದರೂ ಫೋನು ಕಾದು ಸುಡುತ್ತಿತ್ತು. ಅನುಮಾನ ಬಂತು. ಪರ್ಮಿಶನ್ ಪಟ್ಟಿ ತೆರೆದು ನೋಡಿದರೆ ಒಳಗೆ ಒಂದು ಕಳ್ಳ ಆ್ಯಪ್. ಐಕಾನ್ ಇಲ್ಲ, ಹೆಸರು ಮಾತ್ರ ಸಭ್ಯ — ಸಿಸ್ಟಮ್ ಸರ್ವಿಸ್. ಲೊಕೇಶನ್, ಮೈಕ್, ಮೆಸೇಜ್, ಎಲ್ಲ ಅದರ ಕೈಯಲ್ಲಿ.

ಸಹನಾ ಬಂದಾಗ ತೋರಿಸಿ, ಮೈಕಿಗೆ ನಮ್ಮ ಮಾತು ಕೇಳದಂತೆ ಫೋನು ಆಫ್ ಮಾಡಿದೆ. ಆಶ್ಚರ್ಯವೇ ಪಡಲಿಲ್ಲ.

"ಅವರ ಹಾಕ್ಯಾರ, ಅಕ್ಕಾ. ಲಗ್ನ ಆಗಿ ತಿಂಗಳಿಗೆ. ನಾ ಎಲ್ಲಿ ನಿಂತೆ, ಯಾರ ಕೂಡ ಮಾತಾಡ್ದೆ, ಎಲ್ಲಾ ಅವರಿಗೆ ಗೊತ್ತಾಗ್ತೈತಿ. ಮೊನ್ನೆ ಸಂತ್ಯಾಗ ಭಾಳ ಹೊತ್ತು ನಿಂತಿದ್ದಕ್ಕ..."

ಗಂಡ ಸುಭಾಸ. ಟೂರಿಸ್ಟರ ಜೀಪು ಓಡಿಸುತ್ತಾನೆ. ತನ್ನ ಫೋನು ಕೆಟ್ಟರೆ ನಮ್ಮಲ್ಲಿಗೇ ತರುತ್ತಾನೆ. ನಕ್ಕರೆ ಚಂದ ಕಾಣುತ್ತಾನೆ, ನಾಯಿ.

"ಈಗಿಂದೀಗ ತಗದ ಒಗೀತೇನಿ ಇದನ್ನ," ಅಂದೆ.

"ಬ್ಯಾಡ ಅಕ್ಕಾ! ತಗದ್ರ ತಿಳೀತೈತಿ ಅವರಿಗೆ. ಸಾಯಿಸಿ ಬಿಡ್ತಾರ."

ಹಾಲು ಉಕ್ಕಿತು ಅನ್ನುವಷ್ಟೇ ಸಲೀಸಾಗಿ ಹೇಳಿದಳು. ಕೈಯಲ್ಲಿದ್ದ ಸ್ಕ್ರೂಡ್ರೈವರಿನಿಂದ ಟೇಬಲ್ಲಿನ ರಬ್ಬರ್ ಶೀಟಿಗೆ ಚುಚ್ಚಿದೆ, ಚುಚ್ಚಿದೆ, ತೂತು ಬೀಳುವ ತನಕ. ಆರೀಫ್ ಎದ್ದು ಹೊರಗೆ ಹೋಗಿ ನಿಂತ.

ಕಳ್ಳ ಆ್ಯಪನ್ನು ಇದ್ದಲ್ಲೇ ಬಿಟ್ಟು ಫೋನು ವಾಪಸ್ ಕೊಟ್ಟೆ. ಬೇರೆ ದಾರಿ ಹುಡುಕಬೇಕು.

ನವೆಂಬರ್ 6, ಗುರುವಾರ. ಮಧ್ಯಾಹ್ನ

ದಾರಿ ಸಿಕ್ಕಿತು. ಎರಡನೇ ಫೋನು!

ಗುಜರಿ ಡಬ್ಬದಿಂದ ಒಂದು ಹಳೆಯದನ್ನು ಎತ್ತಿ ಪೂರ್ತಿ ಫಾರ್ಮ್ಯಾಟ್ ಹೊಡೆದೆ. ಆರೀಫನ ಹೆಸರಿನ ಸಿಮ್ಮು. ಒಳಗೆ ಬರೀ ನನ್ನ ಮುತ್ತಿನಂಥ ಆ್ಯಪುಗಳು. ಸಹನಾಗೆ ಅವಳ ಫೋನನ್ನು ರೆಸಾರ್ಟಿನ ಡ್ರಾಯರಿನಲ್ಲೇ ಬಿಟ್ಟು ಬರಲು ಹೇಳಿದ್ದೆ. ಬಂದಳು. ಒಂದೊಂದೇ ತೋರಿಸಿದೆ.

"ಇದು ಆರ್ಗ್ಯಾನಿಕ್ ಮ್ಯಾಪ್ಸ್. ನಕಾಶೆ ಒಮ್ಮೆ ಇಳಿಸ್ಕೊಂಡ್ರ ಸಾಕು, ನೆಟ್ ಬೇಕಾಗಂಗಿಲ್ಲ. ಅಣಶಿ ಕಾಡಿನ್ಯಾಗೂ ದಾರಿ ಹೇಳ್ತೈತಿ. ದಿನಾ ನೋಡ್ಕೋ. ಇದು ಫಾಸಿಫೈ ರೆಕಾರ್ಡರ್. ಅವ ಬಾಯಿ ತಗದ ಕೂಡಲೇ ಒತ್ತು, ಒತ್ತಿ ಎಲ್ಲ್ಯರ ಮುಚ್ಚಿಡು. ಇದು ಸಿಂಕ್‌ಥಿಂಗ್. ನೀ ರೆಕಾರ್ಡ್ ಮಾಡಿದ್ದು ತಾನಾಗೇ ಬಂದು ನಮ್ಮ ಅಂಗಡಿ ಲ್ಯಾಪ್‌ಟಾಪಿನ್ಯಾಗ ಕೂಡ್ತೈತಿ. ನಡುವ ಯಾವ ಕಂಪನಿನೂ ಇಲ್ಲ. ಅವ ಅಲ್ಲಿ ಅಳಿಸಿದ್ರೂ ಇಲ್ಲಿ ಉಳೀಬೇಕು, ಹಂಗ ಇಟ್ಟೇನಿ."

"ಇದಕ್ಕೆಲ್ಲಾ ರೊಕ್ಕ?"

"ಒಂದು ಪೈಸಾನೂ ಇಲ್ಲ. ಯಾರೋ ಪುಣ್ಯಾತ್ಮರು ಕುಂತು ಬರದು, ಬೇಕಾದವರು ತಗೋರಿ ಅಂತ ಬಿಟ್ಟಾರ."

"ತಿರುಗಿ ಏನೂ ಕೇಳದ ಕೊಡೂ ಮಂದಿ ಅದಾರ?" ಅಂದಳು. ನಕ್ಕಳು. ತುಟಿ ಸ್ವಲ್ಪ ವಾಸಿಯಾಗಿದೆ.

ಪ್ಲಾನ್ ಇಷ್ಟು. ಭಾನುವಾರ ಸುಭಾಸ ಟೂರಿಸ್ಟರ ಜೊತೆ ಹೊರಟಮೇಲೆ ಅವಳು ಜೋಯಿಡಾ ಬಸ್ಸು ಹತ್ತಿ, ಅಲ್ಲಿಂದ ಅಣಶಿ ಕಡೆ ಕರಿಷ್ಮಾ ಮನೆಗೆ. ಕರಿಷ್ಮಾ ನನ್ನ ಹೊಲಿಗೆ ಕ್ಲಾಸಿನ ಗೆಳತಿ, ಸಿದ್ದಿಯವಳು, ಒಬ್ಬಳೇ ಗದ್ದೆ ಮಾಡುತ್ತಾಳೆ. ಬಸ್ಸಿನಲ್ಲಿ ಮೈ ಮುಟ್ಟಿದವನ ಹಲ್ಲು ಉದುರಿಸಿದ್ದನ್ನು ನಾನೇ ನೋಡಿದ್ದೇನೆ. ಅಲ್ಲಿ ಸೇರಿಕೊಂಡರೆ ಆಮೇಲೆ ಕಂಪ್ಲೇಂಟು, ವಕೀಲರು, ಎಲ್ಲ.

ಹೊಸ ಬ್ಯಾಕ್ ಕವರ್ ಹಾಕಿ ಫೋನು ಕೊಟ್ಟೆ. ಅಟ್ಟದ ಮೇಲೆ ಹಳೇ ಮಿಕ್ಸರ್ ಡಬ್ಬದಲ್ಲಿ ಇಡುತ್ತಾಳಂತೆ.

ನವೆಂಬರ್ 8, ಶನಿವಾರ. ಸಂಜೆ

ಲ್ಯಾಪ್‌ಟಾಪಿಗೆ ಫೈಲು ಬಂತು. ಕಿವಿಗೆ ಹಚ್ಚಿಕೊಂಡೆ.

ಮೊದಲು ಪಾತ್ರೆಯ ಸದ್ದು. ಆಮೇಲೆ ಅವನ ದನಿ, ಬೈಗುಳ. ಆಮೇಲೆ ಹೊಡೆತ. ಕೈಯ ಹೊಡೆತದ ಸದ್ದು ಬೇರೆ, ಬೆಲ್ಟಿನ ಸದ್ದು ಬೇರೆ ಅಂತ ಇವತ್ತು ಗೊತ್ತಾಯಿತು. ಅವಳು ಚೀರುವುದೂ ಇಲ್ಲ. ಉಸಿರು ಮಾತ್ರ ಕೇಳುತ್ತದೆ.

ಪೂರ್ತಿ ಕೇಳಲಾಗಲಿಲ್ಲ. ಮುಚ್ಚಿಬಿಟ್ಟೆ. ಒಂದೇ ರಾತ್ರಿ. ನಾಳೆ ಬಸ್ಸು.

ನವೆಂಬರ್ 9, ಭಾನುವಾರ

ಬಂದಿದ್ದ. ಜೀಪಿನ ಜಾಕ್ ರಾಡ್ ಹಿಡಿದು.

ಮೊದಲ ಏಟಿಗೆ ಕೌಂಟರ್ ಗಾಜು ಹೋಯಿತು. ಎರಡನೆಯದಕ್ಕೆ ಆರೀಫ್ ಅಡ್ಡ ಬಂದ. ಮುಂಗೈ ಮೂಳೆ ಲಟ್ ಅಂದದ್ದು ನನಗೆ ಕೇಳಿಸಿತು. ಹುಡುಗ ಗಾಜಿನ ಮೇಲೆ ಬಿದ್ದು ಹೊರಳಾಡಿದ. ಸುಭಾಸ ನನ್ನ ಕೂದಲು ಹಿಡಿದು ಟೇಬಲ್ಲಿಗೆ ಮುಖ ಒತ್ತಿದ. ಕಣ್ಣೆದುರಿಗೇ ಎರಡನೇ ಫೋನು ಎಸೆದ.

"ನನ್ನ ಹೇಣ್ತಿಗಿ ಹೊಸಾ ಫೋನ್ ಕೊಡ್ತಿ ಏನ? ಚೀಟಿ ಬ್ಯಾರೆ ಬರದು ಕೊಟ್ಟೀ, ಲಾಕ್ ಹೆಂಗ ತಗೀಬೇಕಂತ!"

ಕವರ್ ಕಿತ್ತಿದ್ದ. ಹಿಂದೆ ಹಸಿರು ಟೇಪು. ನನ್ನ ಅಕ್ಷರ. ಸಹನಾ ಅಂತ ಹೆಸರು. ಪಕ್ಕದಲ್ಲಿ ಪ್ಯಾಟರ್ನ್.

ಅಯ್ಯೋ ದೇವರೇ. ಟೇಬಲ್ ಮೇಲಿಟ್ಟ ಫೋನಿಗೆಲ್ಲ ಕೈ ತಾನಾಗೇ ಟೇಪು ಅಂಟಿಸುತ್ತದೆ. ಅದರ ಮೇಲೇ ಕವರ್ ಹಾಕಿ ಕೊಟ್ಟಿದ್ದೇನೆ. ಅವಳು ಚಾರ್ಜಿಗೆ ಹಾಕಿದ್ದಾಗ ಇವನ ಕೈಗೆ ಸಿಕ್ಕಿರಬೇಕು. ಟೇಪು ನೋಡಿದ ಕೂಡಲೇ ಯಾವ ಅಂಗಡಿ, ಯಾರ ಕೈವಾಡ, ಎಲ್ಲ ತಿಳಿದಿದೆ.

ಸೋಲ್ಡರಿಂಗ್ ಐರನ್ ಕಾದಿತ್ತು. ಕೈಗೆ ಸಿಕ್ಕಿತು. ಅವನ ಕೆನ್ನೆಗೆ ಒತ್ತಿ ಹಿಡಿದೆ. ಮಾಂಸ ಸುಟ್ಟ ವಾಸನೆ. ಕೂದಲು ಬಿಟ್ಟ. ಮತ್ತೆ ಒತ್ತಿದೆ, ಕುತ್ತಿಗೆಗೆ. ಇಲ್ಲಿ ಯಾಕೆ ಸುಳ್ಳು ಬರೆಯಲಿ — ಖುಷಿಯಾಯಿತು.

ಜನ ಸೇರಿದರು. ಎರಡನೇ ಫೋನನ್ನು ಎತ್ತಿಕೊಂಡು ಓಡಿದ. ಲ್ಯಾಪ್‌ಟಾಪು ಟೇಬಲ್ ಕೆಳಗಿತ್ತು, ಉಳಿಯಿತು.

ಆರೀಫನನ್ನು ಆಸ್ಪತ್ರೆಗೆ ಹಾಕಿ ಸಹನಾ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ರಕ್ತ, ಒಂದು ಬಳೆ ಚೂರು. ಅವಳಿಲ್ಲ.

ನವೆಂಬರ್ 10, ಸೋಮವಾರ

ಕಂಪ್ಲೇಂಟು ಕೊಟ್ಟೆ. "ಗಂಡಾ ಹೇಣ್ತಿ ಜಗಳದಾಗ ನೀವ್ಯಾಕ ಬಿದ್ರೆವಾ?" ಅಂದ ಅಲ್ಲಿದ್ದ ಪೊಲೀಸು. ರೆಕಾರ್ಡಿಂಗ್ ಇದೆ ಅಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಟ್ಟದ್ದಕ್ಕೆ ನನ್ನ ಮೇಲೂ ಕೇಸಾಗುತ್ತದಂತೆ. ಆಗಲಿ.

ಅವಳು ಬದುಕಿದ್ದಾಳೋ ಇಲ್ಲವೋ. ಫೋನು ಸ್ವಿಚ್ ಆಫ್. ಕರಿಷ್ಮಾ ಮನೆಯಲ್ಲಿ ನೆಟ್‌ವರ್ಕೇ ಇಲ್ಲ, ಆರೀಫನನ್ನು ಬಿಟ್ಟು ಹೋಗಿ ನೋಡುವಂತೆಯೂ ಇಲ್ಲ. ಅನ್ನ ಇಳಿಯುತ್ತಿಲ್ಲ. ನನ್ನ ಕೈ ಕಡಿದು ಹಾಕಬೇಕು ಅನ್ನಿಸುತ್ತದೆ, ಟೇಪು ಅಂಟಿಸಿದ ಈ ಕೈ.

ನವೆಂಬರ್ 12, ಬುಧವಾರ

ಬದುಕಿದ್ದಾಳೆ!

ಈಗ ಫೋನ್ ಮಾಡಿದ್ದಳು. ಅವನು ನಮ್ಮ ಅಂಗಡಿ ಒಡೆಯಲು ಬಂದ ಹೊತ್ತಿನಲ್ಲೇ ಮನೆ ಬಿಟ್ಟಳಂತೆ. ಉಟ್ಟ ಬಟ್ಟೆ, ಪರ್ಸು, ಅಷ್ಟೇ. ಜೋಯಿಡಾ ತನಕ ಬಸ್ಸು. ಮುಂದೆ ಒಂದಷ್ಟು ದೂರ ನಡೆದೇ ಹೋದಳಂತೆ.

"ನಕಾಶೆ ದಿನಾ ನೋಡಿದ್ದೆ ಅಲ್ಲಾ ಅಕ್ಕಾ, ದಾರಿ ಬಾಯಿಪಾಠ ಆಗಿತ್ತು. ಕರಿಷ್ಮಕ್ಕ ನನ್ನ ನೋಡಿ ಒಂದ್ ಮಾತೂ ಕೇಳಲಿಲ್ಲ. ನೀರ ಕಾಸಿ ತಲಿ ಮ್ಯಾಲ ಹಾಕಿದ್ಲು."

ನಾನು ಅತ್ತೆ, ಬೈದೆ, ಮತ್ತೆ ಅತ್ತೆ. ಟೇಪಿನ ವಿಷಯ ಹೇಳಿದೆ. "ಬಿಡಕ್ಕಾ," ಅಂದಳು. ನೆಟ್‌ವರ್ಕಿಗೆ ಮೇಲಿನ ರಸ್ತೆಗೆ ಬಂದಿದ್ದಾಳಂತೆ. ಬಹಳ ಹೊತ್ತು ಮಾತಾಡಿದೆವು. ಆರೀಫನಿಗೆ ಬಿರಿಯಾನಿ ತಂದುಕೊಟ್ಟೆ. ನಾನೂ ತಿಂದೆ.

ನವೆಂಬರ್ 13, ಗುರುವಾರ. ಜೋಯಿಡಾ, ಸ್ಟೇಶನ್ ಹೊರಗೆ

ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ನಿನ್ನೆ ಬಂದ ನಂಬರ್ ಅವಳದೇ. ಅವಳ ಮೊದಲ ಫೋನು. ಕಳ್ಳ ಆ್ಯಪ್ ಇರುವ ಫೋನು. ಆಫ್ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು, ನನ್ನ ಜೊತೆ ಮಾತಾಡಲು ಆನ್ ಮಾಡಿದ್ದಾಳೆ. ಅಷ್ಟು ಹೊತ್ತು ಮಾತಾಡಿದೆನಲ್ಲ, ಯಾವ ಫೋನು ಅಂತ ಒಂದು ಮಾತು ಕೇಳಲಿಲ್ಲ. ದೊಡ್ಡ ಮೆಕ್ಯಾನಿಕ್ಕು ನಾನು!

ಸ್ಕೂಟಿ ಎಳೆದುಕೊಂಡು ಹೊರಟೆ. ಜೋಯಿಡಾ ದಾಟುವಾಗ ಪೊಲೀಸ್ ಜೀಪು ನನ್ನನ್ನು ಹಿಂದೆ ಹಾಕಿ ಹೋಯಿತು.

ಬೆಳಕು ಹರಿಯುವ ಮೊದಲೇ ಸುಭಾಸ ಕರಿಷ್ಮಾ ಮನೆಗೆ ಹೋಗಿದ್ದನಂತೆ, ಅದೇ ರಾಡ್ ಹಿಡಿದು. ಬಾಗಿಲು ಮುರಿದ. ಕರಿಷ್ಮಾಳ ತಲೆಗೆ ಹೊಡೆದ. ಸಹನಾಳನ್ನು ಜಡೆ ಹಿಡಿದು ಅಂಗಳಕ್ಕೆ ಎಳೆದ. ಎಡಗೈ ಮುರಿದ. ಮುಖಕ್ಕೆ ಒದ್ದ. ಸೌದೆ ಒಟ್ಟಿದ ಜಾಗದಲ್ಲಿ ಕರಿಷ್ಮಾಳ ಕತ್ತಿ ಇತ್ತು.

ಒಂದೇ ಏಟಲ್ಲ. ಸಾಯುವ ತನಕ ಹಾಕಿದ್ದಾಳೆ ಸಹನಾ.

ಅಂಗಳ ನೋಡಿ ಬಂದೆ. ಮಣ್ಣು ಕಪ್ಪಾಗಿತ್ತು. ಕರಿಷ್ಮಾ ತಲೆಗೆ ಸೀರೆ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. "ನಾ ಎಚ್ಚರ ಇದ್ದಿದ್ರ ಆಕೀಗಿ ಕತ್ತಿ ಹಿಡ್ಯಾಕ ಬಿಡ್ತಿರಲಿಲ್ಲ. ನಾನ ಹಿಡೀತಿದ್ದೆ," ಅಂದಳು.

ನವೆಂಬರ್ 17, ಸೋಮವಾರ

ಸಹನಾ ಮೇಲೆ ಕೊಲೆ ಕೇಸು. ಕಾರವಾರದ ಆಸ್ಪತ್ರೆಯಲ್ಲಿ, ಬಾಗಿಲಿಗೆ ಪೊಲೀಸ್ ಕಾವಲು. ಜೀವ ಉಳಿಸಿಕೊಳ್ಳಲು ಹೊಡೆದಳು ಅಂತ ಸಾಬೀತಾದರೆ ಬಚಾವ್. ಮೊದಲೇ ಮನಸ್ಸಿನಲ್ಲಿತ್ತು ಅಂತಾದರೆ ಜೀವಮಾನವೆಲ್ಲ ಜೈಲು. ವಕೀಲರು ಹೇಳಿದ್ದು.

ಎರಡನೇ ಫೋನು ಅವನ ಜೀಪಿನಲ್ಲಿ ಸಿಕ್ಕಿದೆ. ರೆಕಾರ್ಡಿಂಗ್ ಎಲ್ಲ ಅಳಿಸಿದ್ದಾನೆ. ಜೋಯಿಡಾ ಸ್ಟೇಶನ್ನಿನ ಪಿಎಸ್‌ಐ ಮೇಡಂ ಕೇಳಿದರು, "ಅವ ಹೊಡೀತಿದ್ದ ಅನ್ನೂದಕ್ಕ ಏನರ ಸಾಕ್ಷಿ ಐತೇನ್ರಿ?"

"ಐತ್ರಿ," ಅಂದೆ, ಎದೆಯುಬ್ಬಿಸಿ. ಲ್ಯಾಪ್‌ಟಾಪಿನಲ್ಲಿ ಭದ್ರವಾಗಿದೆ. ನಾಳೆ ತರುತ್ತೇನೆ ಅಂತ ಬಂದೆ.

ಬಂದು, ಮೊದಲ ಸಲ, ಶನಿವಾರದ ಫೈಲನ್ನು ಕೊನೆಯ ತನಕ ಕೇಳಿದೆ.

ಹೊಡೆತ ನಿಲ್ಲುತ್ತದೆ. ಅವನು ಹೊರಗೆ ಹೋಗುತ್ತಾನೆ. ಬಹಳ ಹೊತ್ತು ಏನಿಲ್ಲ. ಆಮೇಲೆ ಅವಳ ದನಿ, ಮೈಕಿಗೆ ತೀರ ಹತ್ತಿರ. "ಅಕ್ಕಾ, ಕೇಳ್ತಿ ಏನ? ಇನ್ನೊಮ್ಮಿ ಕೈ ಎತ್ತಿದ್ರ ನಾ ಇವನ್ನ ಬಿಡಂಗಿಲ್ಲ. ಕಡದ ಹಾಕ್ತೇನಿ."

ಹಿಂದಕ್ಕೆ ಸರಿಸಿ ಅಷ್ಟನ್ನೇ ಮತ್ತೆ ಕೇಳಿದೆ.

ಆರೀಫನಿಗೂ ಕೇಳಿಸಿದೆ. ಪ್ಲಾಸ್ಟರ್ ಕೈ ಎದೆಗೆ ಹಿಡಿದುಕೊಂಡು ಕೂತಿದ್ದ. "ಅಷ್ಟು ಕಟ್ ಮಾಡಿ ಬಿಡು ಆಪಾ. ಯಾರಿಗೆ ಗೊತ್ತಾಗ್ತೈತಿ? ಯಾವ ಸರ್ವರಿನ್ಯಾಗೂ ಇಲ್ಲ ಅಂತ ನೀನ ಹೇಳ್ತಿದ್ಯಲ್ಲಾ?"

ಆಡಿಯೋ ಕತ್ತರಿಸುವ ಆಡಾಸಿಟಿ ತೆರೆದೆ. ಆ ಮಾತನ್ನು ಸೆಲೆಕ್ಟ್ ಮಾಡಿದೆ. ಡಿಲೀಟ್ ಕೀ ಮೇಲೆ ಬೆರಳಿಟ್ಟೆ. ಕತ್ತರಿಸಿದ್ದು ಸಿಕ್ಕಿಬಿದ್ದರೆ ಹೊಡೆತವೂ ಸುಳ್ಳು ಅನ್ನುತ್ತಾರೆ. ಕತ್ತರಿಸದಿದ್ದರೆ ಅವಳ ಬಾಯಿಂದಲೇ ಅವಳಿಗೆ ಉರುಳು. ಆ ಸೂಳೆಮಗ ಸತ್ತೂ ಬಿಡುತ್ತಿಲ್ಲ. ಬೆರಳು ತೆಗೆದೆ. ಅವಳನ್ನು ಕೇಳದೆ ಆಗುವುದಿಲ್ಲ.

ನವೆಂಬರ್ 18, ಮಂಗಳವಾರ. ಜೋಯಿಡಾ, ಸ್ಟೇಶನ್ ಬೆಂಚು

ಬೆಳಿಗ್ಗೆ ಕಾರವಾರಕ್ಕೆ ಹೋದೆ. ಬಾಗಿಲ ಕಾನ್‌ಸ್ಟೇಬಲ್ಲಮ್ಮ ಒಳ್ಳೆಯವಳು, ಟೀ ಕುಡಿದು ಬರುತ್ತೇನೆ ಅಂತ ಎದ್ದು ಹೋದಳು. ಸಹನಾಳ ಮುಖ ಗುರುತೇ ಸಿಗಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿದೆ, ತುಟಿಗೆ ಹೊಲಿಗೆ. ಕಿವಿಯ ಹತ್ತಿರ ಬಾಗಿ ಎಲ್ಲ ಹೇಳಿದೆ. "ಹೂಂ ಅನ್ನು. ಅಷ್ಟು ತಗದ ಬಿಡ್ತೇನಿ. ಏನರ ಆದ್ರ ನನ್ನ ಮ್ಯಾಲ ಬರ್ಲಿ."

ತಲೆ ಅಲ್ಲಾಡಿಸಿದಳು. ಮಾತಾಡಲು ಬಹಳ ಕಷ್ಟಪಟ್ಟಳು.

"ಕಟ್ ಮಾಡಬ್ಯಾಡ ಅಕ್ಕಾ. ಅದ್ರಾಗ ಉಳದದ್ದೆಲ್ಲಾ ಅವನ ಮಾತು. ಅಷ್ಟ ನಂದು."

ಸ್ಕೂಟಿಯ ಮೇಲೆ ಇಲ್ಲಿತನಕ ಅಳುತ್ತಲೇ ಬಂದೆ.

ಪೂರ್ತಿ ಫೈಲೇ ಕೊಟ್ಟೆ. ಮೇಡಂ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ. ಬರೆದುಕೊಳ್ಳುತ್ತಿದ್ದರು, ಈಗ ನಿಲ್ಲಿಸಿದ್ದಾರೆ. ಪೆನ್ನು ಕೆಳಗಿಟ್ಟರು. ಬೆಲ್ಟಿನ ಜಾಗ ಇರಬೇಕು. ಮುಖ ಆ ಕಡೆ ತಿರುಗಿಸಿದರು. ಹೆಡ್‌ಫೋನ್ ಮಾತ್ರ ತೆಗೆಯಲಿಲ್ಲ. ಕೇಳಲಿ. ಅವಳು ಕೇಳಿಸಿಕೊಂಡದ್ದನ್ನೆಲ್ಲ ಕೇಳಲಿ.

ಮೇಡಂ ಸಟಕ್ಕನೆ ತಲೆ ಎತ್ತಿದರು. ನನ್ನ ಕಡೆ ನೋಡುತ್ತಿದ್ದಾರೆ. ಅವಳ ಮಾತು ಬಂತು ಅನ್ನಿಸುತ್ತದೆ. ಪೆನ್ನು ಮತ್ತೆ ಕೈಗೆ ತೆಗೆದುಕೊಂಡರು. ಅವಳ ಮಾತನ್ನೂ ಬರೆದುಕೊಳ್ಳುತ್ತಿದ್ದಾರೆ.