ನೋವನ್ನು ಫೋನಿನಲ್ಲಿ ಅಳೆದವರಿಗೆ

ಮಾನ್ಯ ಪೂರ್ವಾನುಮತಿ ವಿಭಾಗದ ಮುಖ್ಯ ವೈದ್ಯರೇ,

ನನ್ನ ತಮ್ಮ ಆರ್ಲೋನ ನಾಲ್ಕು ದಿನದ ನೋವಿನ ಮಾತ್ರೆಗೆ ನಿಮ್ಮ ವಿಮಾ ಕಂಪನಿ ಅನುಮತಿ ನಿರಾಕರಿಸಿತು. ಅವನೀಗ ಗಂಟಲಿಗೆ ಉಸಿರಾಟದ ನಳಿಗೆ ಹಾಕಿಸಿಕೊಂಡು ಮಲಗಿದ್ದಾನೆ. ಮಾತ್ರೆಗಿಂತ ಎಷ್ಟೋ ಪಟ್ಟು ದುಬಾರಿಯಾದ ಈ ನಳಿಗೆಗೆ ಹಣ ಕೊಡುವಾಗ ನೀವು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಧನ್ಯವಾದಗಳು.

ಇಲ್ಲಿ ಉತ್ತರ ಮಿನ್ನೆಸೋಟದಲ್ಲಿ ಚರ್ಚಿನ ಮಾಡಿನ ಹಿಮ ತೆಗೆಯಲು ಹತ್ತಿದವನು ಜಾರಿ ಬಿದ್ದು ಪಕ್ಕೆಲುಬು ಮುರಿದುಕೊಂಡ. ನಮ್ಮೂರ ಡಾಕ್ಟರಮ್ಮ ಚಟ ಹಿಡಿಸದ ಹೊಸ ಮಾತ್ರೆ ಬರೆದುಕೊಟ್ಟು ನನ್ನನ್ನು ಪಕ್ಕಕ್ಕೆ ಕರೆದರು. "ನೋವಿಗೆ ಹೆದರಿ ಇವ್ರು ಕೆಮ್ಮದೇ ಇದ್ರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತೆ, ಮಾರ್ಲಿಸ್. ಮಾತ್ರೆ ತಪ್ಪಿಸ್ಬೇಡಿ." ಔಷಧಿ ಅಂಗಡಿಯವರು ನಿಮ್ಮ ಅನುಮತಿಯಿಲ್ಲದೆ ವಿಮೆಯಲ್ಲಿ ಕೊಡಲಾಗದೆಂದರು. ಕೈಯಿಂದಲೇ ಕೊಳ್ಳೋಣವೆಂದರೆ ಆರ್ಲೋ ಕೇಳಬೇಕಲ್ಲ. ವಿಮೆಯವರು ಫೋನ್ ಮಾಡುತ್ತಾರಂತೆ, ಕಾಯೋಣ ಎಂದ.

ಮಾಡಿದಿರಿ. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು, ಮುಖ ಬಿಳುಚಿಕೊಂಡು ಕೂತಿದ್ದವನನ್ನು ನಿಮ್ಮ ಸಿಬ್ಬಂದಿ ನೋವು ಹೇಗಿದೆ ಎಂದು ಕೇಳಿದರು.

"ಪರವಾಗಿಲ್ಲಮ್ಮ, ಅಂಥಾದ್ದೇನಿಲ್ಲ," ಎಂದ. "ನಿಮ್ಮ ಕಡೆ ಚಳಿ ಹೇಗಿದೆ?"

ಸ್ವಾಮಿ, ನಮ್ಮ ಕಡೆ ಅದು ಉತ್ತರವಲ್ಲ, ಮರ್ಯಾದೆ. ನಮ್ಮಪ್ಪ ಟ್ರ್ಯಾಕ್ಟರಿನಡಿ ಕಾಲು ಸಿಕ್ಕಿಹಾಕಿಕೊಂಡಾಗಲೂ ಅದನ್ನೇ ಹೇಳಿದ್ದರು. ನಾನು ಫೋನಿಗೆ ಕೈ ಚಾಚಿದೆ. ರೋಗಿಯೊಡನೆ ಮಾತ್ರ ಮಾತಾಡುವುದು ನಿಯಮವಂತೆ. ನೋವು ಅಲ್ಪ ಎಂದು ಬರೆದುಕೊಂಡ ನೀವು, ಮೊದಲು ಅಗ್ಗದ ಮಾತ್ರೆ ನುಂಗಿ ಅದು ಸೋತಿತೆಂದು ತೋರಿಸಿ ಎಂದಿರಿ. ಅವನು ಆ ಅಗ್ಗದ ಮಾತ್ರೆಯನ್ನೇ ನುಂಗುತ್ತಾ, ಕೆಮ್ಮನ್ನು ತಡೆದುಕೊಳ್ಳುತ್ತಾ, ಅರ್ಧ ಉಸಿರಿನಲ್ಲೇ ಕಾಲ ತಳ್ಳಿದ. ಕೊನೆಗೆ ಶ್ವಾಸಕೋಶವೇ ಸೋತಿತು. ಈ ಪುರಾವೆ ಸಾಕೇ, ಇನ್ನೂ ಏನಾದರೂ ಲಗತ್ತಿಸಬೇಕೇ?

ಆಸ್ಪತ್ರೆಯ ನರ್ಸ್ ನಮ್ಮ ಕಡೆಯ ಹುಡುಗಿ. ನಿನ್ನೆ ಅವಳು ನೋವಿದೆಯಾ ಎಂದು ಕೇಳಿದಾಗ ಆರ್ಲೋ ನಳಿಗೆ ಕಚ್ಚಿಕೊಂಡೇ ಹೆಬ್ಬೆರಳು ಎತ್ತಿದ. ಅವಳು ಬೆರಳನ್ನು ನಂಬಲಿಲ್ಲ. ಹಣೆಯ ಬೆವರು ನೋಡಿ, ಡಾಕ್ಟರರಿಗೆ ಹೇಳಿ ಔಷಧಿ ಹೆಚ್ಚಿಸಿದಳು. ನಾನು ಹೊರಗೆ ಹೋಗಿ ಅತ್ತೆ.

ರೋಗಿಯನ್ನು ಕಣ್ಣಾರೆ ಕಂಡ ವೈದ್ಯರು ಬರೆದ ನಾಲ್ಕು ದಿನದ ಮಾತ್ರೆಗೆ ಅನುಮತಿ ಕೇಳುವುದನ್ನು ನಿಲ್ಲಿಸಿ. ಆಗದೆಂದರೆ ನೀವೇ ಇಲ್ಲಿಗೆ ಬನ್ನಿ. ಅವನ ಮಂಚದ ಪಕ್ಕ ಕುರ್ಚಿ ಹಾಕಿಸುತ್ತೇನೆ. ಹೇಗಿದ್ದೀಯಪ್ಪ ಎಂದು ಕೇಳಿ. ಅವನು ಹೆಬ್ಬೆರಳು ಎತ್ತುತ್ತಾನೆ. ಅವನ ಮುಖ ನೋಡುತ್ತಾ ಅದನ್ನು ಬರೆದುಕೊಳ್ಳಿ, ನೋಡೋಣ.

ಇಂತಿ,
ಇನ್ನು ಯಾರು ಕೇಳಿದರೂ 'ಪರವಾಗಿಲ್ಲ' ಎನ್ನದ,
ಮಾರ್ಲಿಸ್ ಟ್ವೇಟ್
(ಆರ್ಲೋನ ಅಕ್ಕ)